ಲಕ್ಷಣವಿಲ್ಲದ ಒಂಬತ್ತು ಮುದುಕರ ವಿಷಯ

ಶ್ರೀಮನ್ಮಹಾತಖ್ತಾಧೀಶ್ವರರೂ, ಸಾಲು ಮತ್ತು ಕಾಲಂಗಳ ಏಕೈಕ ಸಾರ್ವಭೌಮರೂ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ತಾಲೂಕುಗಳ ಸಮಸ್ತ ಕೆಮ್ಮು, ನೆಗಡಿ, ಜ್ವರ, ಗಂಟಲುನೋವುಗಳನ್ನು ಒಂದೇ ಹಾಳೆಯೊಳಗೆ ಕಟ್ಟಿಹಾಕಿದ ಮಹಾಶೂರರೂ ಆದ ಕೊರೊನಾ ತುಲನಾತ್ಮಕ ಸಮೀಕ್ಷೆಯ ಮುಖ್ಯಾಧಿಕಾರಿಗಳ ದಿವ್ಯ ಟೇಬಲ್ಲಿನ ಸನ್ನಿಧಾನಕ್ಕೆ,

ಮಾನ್ಯರೇ,

ನಮ್ಮೂರಿನ ಆಶಾ ಕಾರ್ಯಕರ್ತೆ ಸುಮಂಗಲಾ ಅವರಿಗೆ ತಾವು ದಯಪಾಲಿಸಿರುವ ನೋಟಿಸನ್ನು ಕೂಡಲೇ ಹಿಂದಕ್ಕೆ ಪಡೆಯಬೇಕು. ‘ಮನೆಗಳಿಗೆ ಭೇಟಿ ನೀಡದೆ, ಕುಳಿತಲ್ಲಿಯೇ ಸುಳ್ಳು ಮಾಹಿತಿ ತುಂಬಿರುವುದು ಮೇಲ್ನೋಟಕ್ಕೆ ಕಂಡುಬಂದಿದ್ದು, ತಮ್ಮನ್ನು ಏಕೆ ಕೆಲಸದಿಂದ ಬಿಡುಗಡೆ ಮಾಡಬಾರದು ಎಂಬುದಕ್ಕೆ ಏಳು ದಿನಗಳೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು’ ಎಂದು ತಾವು ಬರೆದಿದ್ದೀರಿ. ಏಳರಲ್ಲಿ ಐದು ದಿನ ಮುಗಿದಿವೆ. ಸುಮಂಗಲಕ್ಕ ಸಮಜಾಯಿಷಿ ಬರೆಯಲು ಕುಳಿತು ಮೂರು ಹಾಳೆ ಹರಿದಿದ್ದಾರೆ. ನಿಜವನ್ನೇ ಒಮ್ಮೆ ಬರೆದುಕೊಟ್ಟವರು ಎರಡನೆಯ ಸಲ ಏನು ಬರೆಯಬೇಕು ಎಂಬುದು ಅವರ ತೊಡಕು. ಅವರಿಗಾಗಿ ನಾನು ಬರೆಯುತ್ತಿದ್ದೇನೆ. ನನ್ನನ್ನು ಯಾರೂ ಕೇಳಿಲ್ಲ. ಆದರೆ ಕೆಲಸವಿಲ್ಲದವನಿಗೆ ಊರೆಲ್ಲ ಕೆಲಸವಷ್ಟೇ.

ಪತ್ರ ಬಹಿರಂಗವಾದ್ದರಿಂದ, ತಮ್ಮ ಘನಕಾರ್ಯದ ಪರಿಚಯವಿಲ್ಲದ ಪಾಮರರಿಗಾಗಿ ಎರಡು ಮಾತು. ಕೊರೊನಾ ಬಂದುಹೋಗಿ ಇಷ್ಟು ವರ್ಷಗಳಾದ ಮೇಲೆ, ನಾಲ್ಕು ತಾಲೂಕುಗಳಲ್ಲಿ ಯಾರ್‍ಯಾರಿಗೆ ಯಾವ ರೂಪಾಂತರ ಬಂದಿತ್ತು, ಆಗ ಅವರು ಎಷ್ಟು ಡೋಸ್ ಲಸಿಕೆ ಪಡೆದಿದ್ದರು, ಏನೇನು ತ್ರಾಸವಾಯಿತು ಎಂಬುದನ್ನು ಹೋಲಿಸಿ ನೋಡಬೇಕೆಂದು ತಮಗೆ ಮನಸ್ಸಾಯಿತು. ಒಳ್ಳೆಯ ಮನಸ್ಸೇ. ಪಾಸಿಟಿವ್ ಬಂದವರ ಹಳೆಯ ಪಟ್ಟಿ ಹಿಡಿದು ಆಶಾ ಅಕ್ಕಂದಿರು ಮನೆಮನೆಗೆ ಹೋದರು, ಮೊಬೈಲಿನಲ್ಲಿ ನಮೂನೆ ತುಂಬಿದರು, ತಾವು ಅದನ್ನೆಲ್ಲ ಕೂಡಿಸಿ ತಖ್ತೆ ಮಾಡಿ ಪಂಚಾಯಿತಿಗಳ ಗೋಡೆಗೆ ಅಂಟಿಸಲು ಕಳಿಸಿದಿರಿ. ಡೆಲ್ಟಾದ ಬೇಸಿಗೆಯಲ್ಲಿ ಜನ ಉಸಿರಿಗಾಗಿ ಒದ್ದಾಡಿದರು. ಒಮಿಕ್ರಾನ್ ಬಂದಾಗ ಎರಡು ಡೋಸಿನವರು ಎರಡು ದಿನ ಗಂಟಲು ಹಿಡಿದುಕೊಂಡು ಎದ್ದರು, ಲಸಿಕೆ ಇಲ್ಲದ ಮುದುಕರು ಆಗಲೂ ದವಾಖಾನೆ ಕಂಡರು. ಎಲ್ಲ ಸಾಲುಗಳೂ ಸುಮಾರಾಗಿ ಇದನ್ನೇ ಹೇಳುತ್ತವೆ.

ಹನ್ನೊಂದನೆಯ ಸಾಲು ನಮ್ಮೂರು. ಅಲ್ಲಿ ಒಮಿಕ್ರಾನ್ ಪಾಸಿಟಿವ್ ಆದ ಒಂಬತ್ತು ಮಂದಿ ಮುದುಕ ಮುದುಕಿಯರಿದ್ದಾರೆ. ಎಲ್ಲರೂ ಅರವತ್ತೈದು ದಾಟಿದವರು. ಲಸಿಕೆ: ಸೊನ್ನೆ. ಜ್ವರ: ಸೊನ್ನೆ. ಕೆಮ್ಮು, ನೆಗಡಿ, ಮೈಕೈನೋವು: ಸೊನ್ನೆ, ಸೊನ್ನೆ, ಸೊನ್ನೆ. ಅಷ್ಟು ಸೊನ್ನೆಗಳನ್ನು ಒಂದೇ ಕಡೆ ನಾನು ನನ್ನ ಬಿ.ಎ. ಮೊದಲ ವರ್ಷದ ಅಂಕಪಟ್ಟಿಯಲ್ಲಿ ಮಾತ್ರ ನೋಡಿದ್ದೆ. ಇದನ್ನು ಕಂಡು ತಾವು ಏನು ಮಾಡಬೇಕಿತ್ತು? ಕುತೂಹಲದಿಂದ ಗಾಡಿ ಹತ್ತಿ ಬರಬಹುದಿತ್ತು. ಆ ಒಂಬತ್ತು ಜನರಿಗೆ ಶಾಲು ಹೊದಿಸಿ, ಹಾರ ಹಾಕಿ, ‘ಅಜ್ಜಾ, ನಿಮ್ಮ ಗುಟ್ಟೇನು’ ಎಂದು ಕೇಳಬಹುದಿತ್ತು. ಬರಲಿಲ್ಲ. ಫ್ಯಾನಿನ ಕೆಳಗೆ ಕುಳಿತು, ಬಿಸಿಲಲ್ಲಿ ನಡೆದವಳಿಗೆ ‘ಕುಳಿತಲ್ಲಿಯೇ’ ತುಂಬಿದ್ದೀ ಎಂದು ಬರೆದಿರಿ. ಈ ವಾಕ್ಯವನ್ನು ತಾವು ನಿಂತು ಬರೆದಿರೋ, ಕುಳಿತು ಬರೆದಿರೋ?

ಅವರು ಮನೆಮನೆಗೆ ಹೋದದ್ದಕ್ಕೆ ನಾನೇ ಸಾಕ್ಷಿ. ತಮ್ಮ ಆ್ಯಪಿಗೆ ನಮ್ಮೂರಿನಲ್ಲಿ ನೆಟ್‌ವರ್ಕ್ ಸಿಗುವುದು ಎರಡೇ ಕಡೆ: ನೀರಿನ ಟಾಕಿಯ ಮೆಟ್ಟಿಲ ಮೇಲೆ ಮತ್ತು ನಮ್ಮ ಮನೆಯ ಮಾಳಿಗೆಯ ಮೇಲೆ. ಸುಮಂಗಲಕ್ಕ ಊರೆಲ್ಲ ತಿರುಗಿ ಕಾಗದದ ಮೇಲೆ ಬರೆದುಕೊಂಡು, ಸಂಜೆ ನಮ್ಮ ಮಾಳಿಗೆ ಹತ್ತಿ, ಮೊಬೈಲನ್ನು ಆಕಾಶಕ್ಕೆ ತೋರಿಸುತ್ತ ಅದನ್ನೆಲ್ಲ ಏರಿಸುತ್ತಿದ್ದರು. ಎರಡನೆಯ ದಿನ ನಾನೂ ಅವರ ಬೆನ್ನುಹತ್ತಿ ಹೋದೆ. ಹೋದದ್ದರಿಂದ ತಮ್ಮ ನಮೂನೆ ಯಾಕೆ ನಮ್ಮೂರಿನಲ್ಲಿ ನಡೆಯುವುದಿಲ್ಲ ಎಂಬುದನ್ನು ಕಣ್ಣಾರೆ ಕಂಡೆ.

ಮಾನ್ಯರೇ, ನಮ್ಮ ಕಡೆ ಒಂದು ರೀತಿ ಇದೆ. ಎದುರಿಗೆ ಬಂದವರು ‘ಆರಾಮ ಅದೀರೇನ್ರಿ?’ ಎಂದು ಕೇಳುತ್ತಾರೆ. ನಾವು ‘ಆರಾಮ್ರಿ’ ಎನ್ನುತ್ತೇವೆ. ಕಾಲು ಮುರಿದು ಕಟ್ಟಿಗೆಯ ಪಟ್ಟಿ ಕಟ್ಟಿಸಿಕೊಂಡು ಮಲಗಿದವನೂ ‘ಆರಾಮ್ರಿ’ ಎಂದೇ ಹೇಳಿ ಆಮೇಲೆ ಕಾಲು ತೋರಿಸುತ್ತಾನೆ. ಮನೆಗೆ ಬಂದವರ ಮುಂದೆ, ಅದರಲ್ಲೂ ಕೈಯಲ್ಲಿ ಕಾಗದ ಹಿಡಿದು ಬಂದವರ ಮುಂದೆ, ತನ್ನ ಬೇನೆಯನ್ನು ತಾನೇ ಬಿಚ್ಚಿಡುವುದು ನಮ್ಮಲ್ಲಿ ಸಭ್ಯತೆಯಲ್ಲ. ನಮ್ಮ ಓಣಿಯ ಮಾನಪ್ಪಣ್ಣನ ಮನೆಯಲ್ಲಿ ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ. ಮಾನಪ್ಪಣ್ಣ ಮನೆ ಕಟ್ಟುವ ಗೌಂಡಿ. ಡೆಲ್ಟಾ ಕಾಲದಲ್ಲಿ ಲಸಿಕೆ ಪಡೆಯುವ ಮೊದಲೇ ಕೊರೊನಾ ಬಂದು, ಬದುಕಿದ್ದೇ ಹೆಚ್ಚು ಎನಿಸಿಕೊಂಡವರು.

"ಅಣ್ಣಾ, ಅವಾಗ ನಿಮಗ ಏನೇನ ತ್ರಾಸ ಆಗಿತ್ರಿ?" ಎಂದು ಸುಮಂಗಲಕ್ಕ ಕೇಳಿದರು.

"ಎಲ್ಲೀ ತ್ರಾಸವಾ. ಆರಾಮ ಇದ್ನಿ."

"ಎಂಟ ದಿನಾ ಆಕ್ಸಿಜನ್ ಮ್ಯಾಲ ಇದ್ರೆಲ್ರಿ?"

"ಹೂಂ, ಇದ್ನಿ. ಆರಾಮ ಇದ್ನಿ."

"ಉಸರಾಡಾಕ ಬರತಿತ್ತೇನ್ರಿ?"

"ಉಸರೇನ, ಒಮ್ಮೊಮ್ಮೆ ಬರತಿತ್ತ, ಒಮ್ಮೊಮ್ಮೆ ಇಲ್ಲ. ಉಳದದ್ದೆಲ್ಲಾ ಆರಾಮ."

ಸುಮಂಗಲಕ್ಕ ತಲೆಗೆ ಕೈ ಹಚ್ಚಿಕೊಂಡರು. ಆಗ ನಡುಗೋಡೆಯ ಆ ಕಡೆಯಿಂದ ಒಂದು ತಲೆ ಮೇಲೆ ಬಂತು. ಅದು ಪಕ್ಕದ ಮನೆಯ ಶೆಟ್ಟೆವ್ವಕ್ಕನದು.

"ಆರಾಮ ಅಂತ, ಆರಾಮ! ಯವ್ವಾ ಸುಮಂಗಲಾ, ಇಂವಾ ಕೆಮ್ಮೂದ ಕೇಳಿ ನಮ್ಮ ಎಮ್ಮಿ ಎರಡ ದಿನಾ ಹಾಲ ಕೊಡಲಿಲ್ಲ. ಮೂಗಿನ ಮುಂದ ಇಂಗಿನ ಡಬ್ಬಿ ಹಿಡದ್ರ ‘ಇದೇನ ಖಾಲಿ ಡಬ್ಬಿ ತಂದೀರಿ’ ಅಂದ. ತುಟಿ ನೇರಳಿಹಣ್ಣ ಆಗಿದ್ದೂ. ಬರಕೋ, ಬರಕೋ!"

"ನೀ ಸುಮ್ಮ ಕೂಡ್ತೀಯೋ ಇಲ್ಲೋ?" ಎಂದು ಮಾನಪ್ಪಣ್ಣ ಸಿಟ್ಟಾದರು. "ತಂಗೀ, ಅಕೀದ ಬರಕೋ ಮೊದಲ. ಅಕಿಗೆ ಎರಡ ಸೂಜಿ ಆದಮ್ಯಾಲ ಒಮಿಕ್ರಾನ್ ಬಂದಿತ್ತ. ಗಂಟಲ ಹಿಡದ ಎರಡ ದಿನಾ ಒಂದ ಬೈಗಳಾ ಹೊರಗ ಬರಲಿಲ್ಲ. ಓಣಿ ಮಂದಿ ಅಷ್ಟೂ ಆರಾಮ ಇದ್ದಿವಿ."

"ನಂಗೇನಾಗಿತ್ತೋ ಮೂಳಾ, ನಾ ಆರಾಮ ಇದ್ದೆ!"

ಗಮನಿಸಿದಿರಾ ಮಾನ್ಯರೇ? ತನ್ನ ಬೇನೆ ಕೇಳಿದರೆ ಇಬ್ಬರೂ ಆರಾಮ. ಬಾಜೂ ಮನೆಯವರದನ್ನು ಕೇಳಿದರೆ ದಿನಾಂಕ, ಬಣ್ಣ, ಎಮ್ಮೆಯ ಹಾಲಿನ ಸಮೇತ ಪೂರ್ತಿ ವರದಿ. ಡೆಲ್ಟಾಕ್ಕೆ ವಾಸನೆ ಹೋಗಿ ಉಸಿರು ಸಿಕ್ಕಿಕೊಂಡಿತು, ಎರಡು ಡೋಸಿನ ಮೇಲೆ ಒಮಿಕ್ರಾನ್ ಬಂದಾಗ ಬರೀ ಗಂಟಲು ಹಿಡಿಯಿತು. ತಮ್ಮ ಇಡೀ ಸಮೀಕ್ಷೆ ಹುಡುಕುತ್ತಿದ್ದ ಹೋಲಿಕೆ ಒಂದು ನಡುಗೋಡೆಯ ಎರಡು ಬದಿಗೆ ಐದು ನಿಮಿಷದಲ್ಲಿ ಸಿಕ್ಕಿತು. ಸುಮಂಗಲಕ್ಕ ಅಲ್ಲಿಯೇ ಹೊಸ ವಿಧಾನ ಕಂಡುಹಿಡಿದರು. ಅಲ್ಲಿಂದ ಮುಂದೆ ಒಬ್ಬೊಬ್ಬರ ಮನೆಯಲ್ಲೂ ಬಾಜೂ ಮನೆಯವರ ಕೊರೊನಾ ಕೇಳಿದರು. ಜನ ಖುರ್ಚಿ ಹಾಕಿ, ಚಹಾ ಕೊಟ್ಟು ಹೇಳಿದರು. ವಿಜ್ಞಾನಕ್ಕೆ ನಮ್ಮೂರಿನ ಕೊಡುಗೆ ಇದು. ಆದರೆ ತಮ್ಮ ನಮೂನೆಯ ಅಡಿಯಲ್ಲಿ ‘ಮಾಹಿತಿಯನ್ನು ರೋಗಿಯೇ ಸ್ವತಃ ನೀಡತಕ್ಕದ್ದು’ ಎಂದು ಸಣ್ಣ ಅಕ್ಷರದಲ್ಲಿತ್ತು. ಪ್ರಾಮಾಣಿಕಳಾದ ಆ ಹೆಣ್ಣುಮಗಳು ಲಕ್ಷಣದ ಕಾಲಂನಲ್ಲಿ ರೋಗಿ ಹೇಳಿದಂತೆ ‘ಇಲ್ಲ’ ಎಂದು ಬರೆದು, ಬಾಜೂದವರು ಹೇಳಿದ್ದನ್ನು ಷರಾ ಕಾಲಂನಲ್ಲಿ ಹಾಕಲು ಹೋದರು. ಷರಾ ಕಾಲಂ ಮೂವತ್ತು ಅಕ್ಷರಕ್ಕೆ ನಿಂತುಬಿಡುತ್ತದೆ. ಶೆಟ್ಟೆವ್ವಕ್ಕನನ್ನು ಮೂವತ್ತು ಅಕ್ಷರದಲ್ಲಿ ನಿಲ್ಲಿಸಬಲ್ಲ ಯಂತ್ರ ಇದೊಂದೇ. ಅದಕ್ಕಾಗಿ ಮಾತ್ರ ತಮ್ಮನ್ನು ಅಭಿನಂದಿಸುತ್ತೇನೆ.

ಇನ್ನು ತಮ್ಮ ಮೂರನೆಯ ಪ್ರಶ್ನೆ: ‘ತಮಗೆ ಬಂದ ರೂಪಾಂತರ ಯಾವುದು?’ ಇದನ್ನು ರೋಗಿಗೆ ಕೇಳಬೇಕೆಂದು ಹೊಳೆದ ತಲೆಗೆ ನಮಸ್ಕಾರ. ಸುಮಂಗಲಕ್ಕ ನಮ್ಮ ಮನೆಯಲ್ಲಿ ಇದನ್ನು ಕೇಳಿದಾಗ ನಮ್ಮ ಆಯಿ, ಅಂದರೆ ನನ್ನ ಅಪ್ಪನ ತಾಯಿ ಶಂಕ್ರೆವ್ವ, ಎಪ್ಪತ್ತೆಂಟು ವರ್ಷ, ಅವರ ಮುಖವನ್ನೇ ನೋಡಿದಳು. "ಬ್ಯಾನಿ ತನ್ನ ಹೆಸರ ಹೇಳಿ ಒಳಗ ಬರತೈತೇನ ಯವ್ವಾ? ಬಂದವರ ಹೆಸರ ಕೇಳೂದು ನಿಮ್ಮ ಆಫೀಸಿನ್ಯಾಗ." ಲಸಿಕೆಯ ಪ್ರಶ್ನೆಯೂ ಇದೇ ಹಣೆಬರಹದ್ದು. ದರ್ಜಿ ಯುನೂಸ ಕಾಕಾನಿಗೆ ‘ಎಷ್ಟು ಡೋಸ್ ತೆಗೆದುಕೊಂಡಿದ್ದೀರಿ’ ಎಂದರೆ ಆತ ಹೊಲಿಗೆ ನಿಲ್ಲಿಸಿ, "ನಿಮಗ ಎಷ್ಟ ಬೇಕಾಗ್ಯಾವ ಹೇಳ್ರಿ ಬಾಯಿ, ಅಷ್ಟ ಬರಕೊಳ್ರಿ. ನಿಮಗ್ಯಾಕ ತೊಂದರಿ" ಎಂದ. ಇದು ಸುಳ್ಳಲ್ಲ, ಉಪಚಾರ. ಸುಮಂಗಲಕ್ಕ ಅದಕ್ಕೂ ಮರುಳಾಗದೆ ಟ್ರಂಕು ತೆಗೆಸಿ, ಸರ್ಟಿಫಿಕೇಟು ನೋಡಿ, ಎರಡೆಂದು ಬರೆದುಕೊಂಡರು. ಹೀಗೆ ಎಷ್ಟು ಟ್ರಂಕುಗಳನ್ನು ತೆಗೆಸಿದ್ದಾರೆಂದು ತಾವು ಕೇಳಿದ್ದೀರಾ? ಕಷಾಯದ ಡೋಸುಗಳಿಗೆ ಮಾತ್ರ ತಮ್ಮಲ್ಲಿ ಕಾಲಂ ಇಲ್ಲ. ಆ ಬೇಸಿಗೆಯಲ್ಲಿ ನನ್ನ ಹೊಟ್ಟೆಗೆ ಇಳಿದ ಮೆಣಸು, ಲವಂಗ, ಅರಿಷಿಣವನ್ನು ಯಾವ ಸಂಶೋಧನೆಯೂ ಲೆಕ್ಕ ಹಿಡಿಯಲಿಲ್ಲ ಎಂಬ ಕೊರಗು ನನಗಿದೆ.

ಈಗ ಆ ಒಂಬತ್ತು ಮಂದಿಯ ವಿಷಯಕ್ಕೆ ಬರೋಣ. ನಮ್ಮ ಆಯಿಯೂ ಅವರಲ್ಲೊಬ್ಬಳು. ಲಸಿಕೆಯ ವಾಹನ ಬಂದಾಗಲೆಲ್ಲ ಆಕೆಗೆ ಹೊಲದಲ್ಲಿ ಅತ್ಯಂತ ಜರೂರಿನ ಕೆಲಸ ಇರುತ್ತಿತ್ತು. ಸುಮಂಗಲಕ್ಕ ಆರು ಸಲ ಬಂದರು, ಆರು ಸಲವೂ ಆಯಿ ಇರಲಿಲ್ಲ. ಏಳನೆಯ ಸಲ ಬಂದಾಗ ಇದ್ದಳು, ಆದರೆ ನೆಲದಡಿ ಜೋಳ ತುಂಬುವ ಹಗೇವಿನೊಳಗೆ ಇಳಿದು ಕುಳಿತಿದ್ದಳು. ಎರಡು ಸಾವಿರದ ಇಪ್ಪತ್ತೆರಡರ ಜನವರಿಯಲ್ಲಿ ಆಕೆಗೂ ಆಕೆಯ ಓರಗೆಯ ಎಂಟು ಜನರಿಗೂ ಪಾಸಿಟಿವ್ ಎಂದು ರಿಪೋರ್ಟು ಬಂತು. ಬಾಗಿಲಿಗೆ ಕೆಂಪು ಅಕ್ಷರದ ಕಾಗದ ಅಂಟಿತು. ಈ ಸಮೀಕ್ಷೆಯಲ್ಲಿ ಸುಮಂಗಲಕ್ಕ ಅದನ್ನು ನೆನಪಿಸಿದಾಗ ಆದ ಮಾತು ಇಷ್ಟು:

"ಆಯಿ, ಅವಾಗ ಜ್ವರ ಬಂದಿದ್ದೂ ಏನ?"

"ಯಾರಿಗೆ?"

"ನಿಮಗರೀ."

"ನಂಗ್ಯಾಕ ಬರತಾವ? ಬಾಗಿಲಿಗೆ ಕಾಗದ ಹಚ್ಚಿ ಹೋದ್ರು. ನಾ ಹಿತ್ತಲ ಬಾಗಿಲಲೆ ಹೊಲಕ್ಕ ಹೋಗಿ ಹಸಿಜ್ವಾಳದ ಸೀತನಿ ತಿಂದ ಬಂದೆ. ತೊಗರಿ ಬಡಿಯೂದಿತ್ತ, ಬಡದೆ."

"ಮೈಕೈ ನೋವು?"

"ತೊಗರಿ ಬಡದ್ರ ನೋಯೂದಿಲ್ಲೇನ? ಅದನ್ನೂ ಬರಕೋತೀಯೇನ?"

ಹೀಗೆ ಹೇಳಿ ಆಯಿ ನನ್ನ ಕಡೆ ಒಮ್ಮೆ ನೋಡಿದಳು. ಹಿರಿಯರ ನೋಟಕ್ಕೆ ಅರ್ಥ ಹಚ್ಚುವುದು ಕಿರಿಯರ ಕೆಲಸವಲ್ಲವೆಂದು ನಾನು ಸೂರಿನ ಗುಬ್ಬಿ ನೋಡಿದೆ. ಉಳಿದ ಎಂಟು ಮನೆಗಳಲ್ಲೂ ಇದೇ ಉತ್ತರ. ಒಪ್ಪುತ್ತೇನೆ, ಈ ಒಂಬತ್ತು ಜನರ ಬಗ್ಗೆ ಮಾತ್ರ ಬಾಜೂ ಮನೆಯವರೂ ಒಂದು ಕೆಮ್ಮನ್ನು ಕೂಡ ನೆನಪಿಸಿಕೊಳ್ಳಲಿಲ್ಲ. ಅದಕ್ಕೆ ಕಾರಣ ಹಿರಿಯರ ಮೇಲಿನ ಗೌರವ. ಅಥವಾ ಬಿಳಿಜೋಳದ ರೊಟ್ಟಿ. ಕಾರಣ ಯಾವುದೇ ಇರಲಿ, ಅವರು ಹೇಳಿದ್ದನ್ನು ಹೇಳಿದಂತೆ ಬರೆದುಕೊಂಡದ್ದು ಸುಮಂಗಲಕ್ಕನ ತಪ್ಪು ಹೇಗಾದೀತು? ತಖ್ತೆಗೆ ಒಪ್ಪುವ ಹಾಗೆ ನಮ್ಮ ಆಯಿಗೆ ನಾಲ್ಕು ದಿನ ಜ್ವರ ಬರೆದುಹಾಕಿದ್ದರೆ ತಮಗೆ ಸಮಾಧಾನವಾಗುತ್ತಿತ್ತು, ಅಲ್ಲವೇ? ಆಗ ನೋಟಿಸು ಬರುತ್ತಿರಲಿಲ್ಲ. ಸುಳ್ಳು ಬರೆದವರು ಪಾರಾಗಿ ನಿಜ ಬರೆದವರು ಉತ್ತರ ಕೊಡಬೇಕಾದ ಈ ವ್ಯವಸ್ಥೆಗೆ ತಾವು ಯಾವ ಲಸಿಕೆ ಕಂಡುಹಿಡಿದಿದ್ದೀರಿ?

ಇಷ್ಟು ಹೊತ್ತು ನಗೆಚಾಟಿಕೆ ಮಾಡಿದೆ, ಈಗ ಒಂದು ಮಾತು ನೆಟ್ಟಗೆ ಹೇಳುತ್ತೇನೆ. ಡೆಲ್ಟಾದ ಆ ಮೇ ತಿಂಗಳಲ್ಲಿ ಮಾನಪ್ಪಣ್ಣನ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ಎಂಬತ್ತೆರಡು ಎಂದು ಓದಿದವರು ಸುಮಂಗಲಕ್ಕ. ಓಣಿಯಲ್ಲಿ ಎಲ್ಲರ ಬಾಗಿಲೂ ಹಾಕಿತ್ತು, ನಮ್ಮದೂ ಹಾಕಿತ್ತು. ಗೊಳಸಂಗಿಯಿಂದ ಗಾಡಿ ತರಿಸಿ, ಒಬ್ಬರೇ ಆತನನ್ನು ಎತ್ತಿ ಕೂಡಿಸಿ, ದವಾಖಾನೆ ಮುಟ್ಟಿಸಿದರು. ತಿರುಗಿ ಬಂದಾಗ ಕೊಡಪಾನ ಹಿಡಿದು ನಳಕ್ಕೆ ಹೋದರೆ ಹೆಂಗಸರು ದೂರ ಸರಿದರು. ಅದರ ಮರುದಿನ ಮತ್ತೆ ಅದೇ ಹೆಂಗಸರ ಮನೆಗೆ ಜ್ವರ ನೋಡಲು ಹೋದರು. ಹದಿಮೂರು ವರ್ಷದಿಂದ ಈ ಕೆಲಸದಲ್ಲಿದ್ದಾರೆ. ತಮ್ಮ ನೋಟಿಸು ಬಂದ ದಿನ ನಮ್ಮ ಕಟ್ಟೆಯ ಮೇಲೆ ಕುಳಿತು ಎರಡು ಸಲ ಓದಿದರು. ಆಮೇಲೆ, "ಸಿದ್ದ್ಯಾ, ‘ಭೇಟಿ ನೀಡದೆ’ ಅಂತ ಬರದಾರಲ್ಲೋ. ನನ್ನ ಚಪ್ಪಲಿ ನೋಡಿದ್ರ ಸಾಕಾಗಿತ್ತ ಅವರಿಗೆ" ಎಂದರು. ನೋಟಿಸನ್ನು ಮಡಚಿ, "ನಾ ಎಲ್ಲಿ ತಪ್ಪಿದೆ, ನೀನರ ಹೇಳು. ನೀನೂ ಸಂಗಡ ಇದ್ದೆಲ್ಲಾ" ಎಂದರು. ಊರಿನಲ್ಲಿ ಎಲ್ಲದಕ್ಕೂ ಉತ್ತರ ಇಟ್ಟುಕೊಂಡವನೆಂದು ಹೆಸರಾದ ನಾನು ನೀರು ತರುತ್ತೇನೆಂದು ಎದ್ದು ಒಳಗೆ ಹೋದೆ.

ಇನ್ನೊಂದು ಅನಾಹುತ ಆಗುತ್ತಿದೆ. ತಮ್ಮ ತಖ್ತೆ ಪಂಚಾಯಿತಿ ಗೋಡೆಯ ಮೇಲಿದೆ. ಜನ ನಾಲ್ಕು ತಾಲೂಕುಗಳ ಸಾಲುಗಳನ್ನೆಲ್ಲ ಬಿಟ್ಟು ಹನ್ನೊಂದನೆಯದನ್ನಷ್ಟೇ ಓದುತ್ತಾರೆ. ಸೂಜಿ ಸೊನ್ನೆ, ಬೇನೆ ಸೊನ್ನೆ. ನಮ್ಮ ಆಯಿಯಂತೂ ದಿನಕ್ಕೊಮ್ಮೆ ಹೋಗಿ ಅದರ ಮುಂದೆ ನಿಂತು ಬರುತ್ತಾಳೆ, ಓದಲು ಬರದಿದ್ದರೂ. ಮೊನ್ನೆ ಸುಮಂಗಲಕ್ಕ ಕೂಸುಗಳ ಸೂಜಿಗೆ ಕರೆಯಲು ಬಂದರೆ ಒಬ್ಬ ತಾಯಿ, "ಗ್ವಾಡಿ ಮ್ಯಾಲ ನೀವ ಬರದೀರಿ, ಸೂಜಿ ಇಲ್ದವರ ಗಟ್ಟಿ ಅದಾರಂತ. ನಮ್ಮ ಕೂಸಿಗೂ ಬ್ಯಾಡ" ಎಂದು ಬಾಗಿಲು ಮುಂದೆ ಮಾಡಿದಳು. ತಖ್ತೆ ತಮ್ಮದು, ಬಾಗಿಲು ಸುಮಂಗಲಕ್ಕನ ಮುಖಕ್ಕೆ. ಇಪ್ಪತ್ತು ಸಾಲು ಸತ್ಯವನ್ನು ಒಂದು ಸಾಲು ತಿಂದುಹಾಕುತ್ತಿದೆ.

ಆದ್ದರಿಂದ, ಕಾಲಂಗಳ ಸಾರ್ವಭೌಮರೇ, ನನ್ನ ಬೇಡಿಕೆಯನ್ನು ಕೇಳಿ. ಏಳನೆಯ ದಿನದ ಸೂರ್ಯ ಮುಳುಗುವ ಮೊದಲು ಆ ನೋಟಿಸು ರದ್ದಾಗಬೇಕು. ರದ್ದಾಯಿತೆಂಬ ಕಾಗದವನ್ನು ತಾವೇ ತರಬೇಕು, ಪೋಸ್ಟಿನಲ್ಲಿ ಕಳಿಸಿದರೆ ನಡೆಯದು. ಬಂದವರು ಮಾನಪ್ಪಣ್ಣನ ನಡುಗೋಡೆಯ ಹತ್ತಿರ ಅರ್ಧ ತಾಸು ಕುಳಿತು, ಬಾಯಿ ಮುಚ್ಚಿಕೊಂಡು, ಕೈಯಲ್ಲಿ ಕಾಗದ ಹಿಡಿಯದೆ ಕೇಳಿಸಿಕೊಳ್ಳಬೇಕು. ಹೋಗುವಾಗ ಪಂಚಾಯಿತಿ ಗೋಡೆಯಿಂದ ಆ ತಖ್ತೆಯನ್ನು ತಮ್ಮ ಕೈಯಾರೆ ಕೀಳಬೇಕು. ಆ ಒಂಬತ್ತು ಹೆಸರುಗಳನ್ನು ಡೆಲ್ಟಾ, ಒಮಿಕ್ರಾನ್, ಮುಂದೆ ಬರಲಿರುವ ಯಾವ ರೂಪಾಂತರದ ಸಾಲಿನಲ್ಲಿಯೂ ಸೇರಿಸದೆ ಹೊಡೆದುಹಾಕಬೇಕು. ‘ಯಾವ ಆಧಾರದ ಮೇಲೆ?’ ಎಂದು ತಾವು ಕೇಳುವಿರಿ. ಕೇಳಬಾರದಾಗಿತ್ತು. ಆದರೆ ಕೇಳುವುದು ತಮ್ಮ ವೃತ್ತಿ.

ಇಂತಿ,
ಪದವಿ ಪಡೆದಂದಿನಿಂದ ಹೋಂ ಐಸೋಲೇಷನ್ನಿನಲ್ಲಿರುವ,
ಶಂಕ್ರೆವ್ವನ ಮೊಮ್ಮಗ, ಹೆಸರಿಗೆ ಮಾತ್ರ ಸಿದ್ದಾರೂಢ

ತಾ.ಕ.: ಆಧಾರ ಇದು. ಆ ಜನವರಿಯಲ್ಲಿ ಶಾಲೆಯ ಪಡಸಾಲೆಯಲ್ಲಿ ಗಂಟಲು-ಮೂಗಿನ ಮಾದರಿ ತೆಗೆಯಲು ಹೊರಗಿನ ತಂಡವೊಂದು ಮೂರು ದಿನ ಕುಳಿತಿತ್ತು. ಸುಮಂಗಲಕ್ಕನಿಗೆ ಆ ವಾರ ಬೇರೆ ಊರಿನ ಡ್ಯೂಟಿ. ಮೂಗಿನಲ್ಲಿ ಕಡ್ಡಿ ಹಾಕಿಸಿಕೊಳ್ಳಲು ಒಂಬತ್ತು ಮಂದಿ ಹಿರಿಯರು ಒಪ್ಪಲಿಲ್ಲ. ಹೋಗದಿದ್ದರೆ ರೇಷನ್ ನಿಲ್ಲುತ್ತದೆಂದು ಯಾರೋ ಹೆದರಿಸಿದ್ದರು. ನಾನು ಅವರ ಆಧಾರ್ ಕಾರ್ಡು ಹಿಡಿದು, ಮಾಸ್ಕಿನ ಮೇಲೆ ಮಫ್ಲರ್ ಸುತ್ತಿ, ದಿನಕ್ಕೆ ಮೂರು ಸಲದಂತೆ ಹೋಗಿ ಕುಳಿತೆ. ನಾಲ್ಕು ಸಲ ಸೆರಗು ಹೊದ್ದಿದ್ದೆ. ಫೋಟೊ ನೋಡಿ ಯಾರೂ ಅನುಮಾನ ಪಡಲಿಲ್ಲ. ಆಧಾರಿನ ಫೋಟೊಗೂ ಮನುಷ್ಯನಿಗೂ ಹೋಲಿಕೆ ಯಾವ ಕಾಲಕ್ಕಿತ್ತು? ಒಂಬತ್ತೂ ಮೂಗು ನನ್ನದೇ. ನನ್ನ ಹೆಸರಿನಲ್ಲಿ ಮಾತ್ರ ಕೊಡಲಿಲ್ಲ, ಅಷ್ಟೊತ್ತಿಗೆ ಮೂಗು ನೊಂದಿತ್ತು. ಅಂದರೆ ‘ಆರಾಮ’ ಎಂದ ಒಂಬತ್ತು ಜನರೂ ಖರೇನೇ ಆರಾಮ ಇದ್ದರು. ಸಭ್ಯತೆ, ಗೌರವ, ಬಿಳಿಜೋಳ ಎಂದು ಅವರ ಪರವಾಗಿ ನಾನು ಮೇಲೆ ಬರೆದದ್ದನ್ನೆಲ್ಲ ಹೊಡೆದುಹಾಕಿಕೊಳ್ಳಿ. ಸುಮಂಗಲಕ್ಕನಿಗೆ ಇದು ತಿಳಿಯುವುದೂ ತಮ್ಮೊಂದಿಗೇ, ಈ ಪತ್ರದಿಂದಲೇ. ಆ ಸಾಲಿನಿಂದ ಒಂಬತ್ತು ಕಳೆದು ಒಂದು ಕೂಡಿಸಿ: ವಯಸ್ಸು ಇಪ್ಪತ್ತು, ಒಮಿಕ್ರಾನ್, ಎರಡು ಡೋಸ್. ಲಕ್ಷಣ: ಒಂದು ಮೂಗಿಗೆ ಒಂದು ಪ್ಲೇಟ್ ಮಿರ್ಚಿ ಭಜಿ ಎಂದು ಆ ಹಿರಿಯರೊಂದಿಗೆ ಮಾತಾಗಿತ್ತು, ಒಂಬತ್ತು ಪ್ಲೇಟ್ ತಿಂದೆ, ಒಂದರದೂ ರುಚಿ ಹತ್ತಲಿಲ್ಲ.